ಅತ್ತೆ ಅಳೆದು ಹಾಕಿದ ರೊಟ್ಟಿ

ನನ್ನದು ಮೊದಲಿನಿಂದಲೂ ಒಂದು ಕಡೆ ಕೂರದ ಜೀವ. ಆಳಂದದ ತವರಿನಲ್ಲಿ ಅವ್ವ ನನ್ನನ್ನು 'ಕಾಲಾಗ ಚಕ್ರ ಕಟ್ಟಕೊಂಡಾಕಿ' ಎಂದು ಬೈಯುತ್ತಿದ್ದಳು. ಅಷ್ಟು ಓಡಾಡಿದರೂ ಮೈ ಮಾತ್ರ ಬೆಳೆಯುತ್ತಲೇ ಹೋಯಿತು. ಅಫಜಲಪುರಕ್ಕೆ ಸೊಸೆಯಾಗಿ ಬಂದ ಮೇಲಂತೂ ಕೇಳಬೇಡಿ. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಸೊಸೆ ದಪ್ಪಗಿದ್ದರೆ ಅದು ಮನೆಗೇ ಶೋಭೆ. ಉಂಡುಟ್ಟು ಸುಖವಾಗಿದ್ದಾಳೆ ಎಂದು ಜನ ಅಂದುಕೊಳ್ಳುತ್ತಿದ್ದರು. ಸುಖವಾಗಿಯೇ ಇದ್ದೆ, ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ ಅನ್ನುವುದೊಂದು ಬಿಟ್ಟು.

ಗಂಡ ಜೇವರ್ಗಿಯಲ್ಲಿ ಮಾಸ್ತರರು. ಶನಿವಾರ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗುತ್ತಿದ್ದರು. ಹೀಗಾಗಿ ಗುಲ್ಬರ್ಗಾದ ಡಾಕ್ಟರಬಾಯಿಯ ಬಳಿ ನನ್ನನ್ನು ಕರೆದೊಯ್ದವರು ಅತ್ತೆ. ಡಾಕ್ಟರಬಾಯಿ ಮೈಸೂರು ಕಡೆಯವರು. ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ಎಲ್ಲಿ ನಿಂತಿತೆಂದು ನೋಡಿ, "ಮುಟ್ಟು ಸರಿಯಾಗಿ ಬರಬೇಕಾದರೆ ಮೊದಲು ಇದು ಇಳಿಯಬೇಕು. ಔಷಧಿ ಆಮೇಲೆ" ಎಂದರು. ಯಾವ ತಿನಿಸಿನಲ್ಲಿ ಎಷ್ಟು ಕ್ಯಾಲೊರಿ ಎಂದು ಅಚ್ಚು ಹಾಕಿಸಿದ ಹಾಳೆ ಕೊಟ್ಟು, ದಿನಕ್ಕೆ ಸಾವಿರದ ಇನ್ನೂರು ದಾಟಕೂಡದು ಎಂದು ಅದರ ಮೇಲೆ ಬರೆದರು.

ಬಸ್ ಸ್ಟ್ಯಾಂಡಿನಲ್ಲೇ ನಾನು ಅತ್ತೆಯಿಂದ ಆಣೆ ಹಾಕಿಸಿಕೊಂಡೆ. ಕಾರಣ ಯಾರಿಗೂ ಗೊತ್ತಾಗಬಾರದು, ನನ್ನ ತವರಿಗಂತೂ ಗೊತ್ತಾಗಲೇಬಾರದು. ಬಂಜೆ ಎಂಬ ಮಾತು ಒಮ್ಮೆ ಅಂಟಿದರೆ ಆಮೇಲೆ ಮಕ್ಕಳಾದರೂ ಜನ ಮರೆಯುವುದಿಲ್ಲ. ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು, "ಆತ್ ತಗೋ, ನಾ ಯಾರ ಮುಂದೂ ಹೇಳಂಗಿಲ್ಲ" ಎಂದರು.

ಹಾಳೆಯಲ್ಲಿ ಇಡ್ಲಿ ಇತ್ತು, ದೋಸೆ ಇತ್ತು, ಬ್ರೆಡ್ಡೂ ಇತ್ತು. ಜೋಳದ ರೊಟ್ಟಿ ಇರಲಿಲ್ಲ. ಅಫಜಲಪುರದಲ್ಲಿ ಬ್ರೆಡ್ಡು ತಿನ್ನುವವರು ಜ್ವರ ಬಂದವರು ಮಾತ್ರ. ಹಾಳೆಯಲ್ಲಿದ್ದ ಚಪಾತಿಯ ಲೆಕ್ಕವನ್ನೇ ರೊಟ್ಟಿಗೂ ಹಿಡಿಯೋಣವೆಂದರೆ, ನಮ್ಮ ಅತ್ತೆ ಬಡಿಯುವ ರೊಟ್ಟಿ ತಾಟನ್ನೇ ಮುಚ್ಚುತ್ತಿತ್ತು. ಕೊನೆಗೆ ಹಿಟ್ಟನ್ನೇ ತೂಗುವುದೆಂದಾಯಿತು. ಮಾವನ ಕಿರಾಣಿ ಅಂಗಡಿಯಲ್ಲಿ ಯಾಲಕ್ಕಿ ತೂಗುವ ಸಣ್ಣ ತಕ್ಕಡಿಯಿತ್ತು. ಅದನ್ನು ಅತ್ತೆ ಸೆರಗಿನಲ್ಲಿ ಮುಚ್ಚಿ ತಂದರು. ನನ್ನ ಪಾಲಿನ ಹಿಟ್ಟನ್ನು ಬೇರೆ ತೂಗಿ, ಬೇರೆ ನಾದಿ, ತೆಳ್ಳಗೆ ಬಡಿದು ಕೊಡುತ್ತಿದ್ದರು. ಮಣ್ಣೂರಿನಿಂದ ಬಂದ ಬಳಗದ ಹೆಂಗಸೊಬ್ಬಳು ಒಲೆಯ ಪಕ್ಕ ತಕ್ಕಡಿ ಕಂಡು ಹುಬ್ಬೇರಿಸಿ ಹೋದಳು. ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ಹಸಿವೆಂದರೆ ಏನೆಂದು ನನಗೆ ಗೊತ್ತಾದದ್ದು ಆಗ. ಒಲೆಯ ಮುಂದಿನಿಂದ ಅಂಗಳಕ್ಕೆ, ಅಂಗಳದಿಂದ ಮತ್ತೆ ಒಲೆಯ ಮುಂದಕ್ಕೆ ಸುತ್ತುತ್ತಿದ್ದೆ. ತೊಳೆದ ತಂಬಿಗೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಓಣಿಯಲ್ಲಿ ಯಾರಾದರೂ "ಊಟ ಆತೇನ್ರಿ" ಎಂದರೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಕಡೆ ಅದು ಬರೀ ಮಾತಿಗೆ ಕೇಳುವ ಮಾತು, ಗೊತ್ತು. ಆದರೂ ಸಿಟ್ಟು. "ಮನ್ಯಾಗ ಹುಲಿ ಸಾಕೀಯೇನವ್ವ" ಎಂದು ಗಂಡ ತಮ್ಮ ತಾಯಿಯನ್ನು ಕೇಳಿದರು. ಹುಲಿ ಆಗ ಅವರ ತಾಟಿನ ರೊಟ್ಟಿಯನ್ನೇ ದಿಟ್ಟಿಸುತ್ತಿತ್ತು.

ಇಷ್ಟೆಲ್ಲ ಮಾಡಿ ಮುಂದಿನ ತಿಂಗಳು ಹೋದರೆ ಮುಳ್ಳು ಇದ್ದಲ್ಲೇ ಇತ್ತು. ನನಗೆ ಅಳುವೇ ಬಂತು. ಡಾಕ್ಟರಬಾಯಿ ಒಂದೊಂದಾಗಿ ಕೇಳುತ್ತ ಬಂದರು.

"ರೊಟ್ಟಿಗೆ ಏನು ಹಚ್ಚಿಕೊಳ್ತೀರಿ?"

"ಏನಿಲ್ರಿ, ಬರೇ ಶೇಂಗಾ ಹಿಂಡಿ."

"ಎಷ್ಟು?"

ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. ಹಿಂಡಿಗೂ, ಅಂದರೆ ಚಟ್ನಿಪುಡಿಗೂ, ಒಂದು ಅಳತೆ ಇರುತ್ತದೆಯೇ? ನಮ್ಮಲ್ಲಿ ಎಣಿಸುವುದು ರೊಟ್ಟಿಯನ್ನು. ಮೂರು ರೊಟ್ಟಿ ಉಂಡೆ, ನಾಲ್ಕು ರೊಟ್ಟಿ ಉಂಡೆ ಎನ್ನುತ್ತೇವೆ. ಹಚ್ಚಿಕೊಂಡದ್ದನ್ನು ಯಾರೂ ಊಟವೆಂದು ಹಿಡಿಯುವುದಿಲ್ಲ. ರೊಟ್ಟಿ ಕಡಿಮೆಯಾದ ಸಂಕಟಕ್ಕೆ ನಾನು ಹಿಂಡಿಯನ್ನು ಮುಷ್ಟಿಗಟ್ಟಲೆ ಹಾಕಿಸಿಕೊಂಡು, ಮೇಲೆ ಕುಸುಬಿ ಎಣ್ಣೆ ಸುರಿದುಕೊಂಡು ತಿನ್ನುತ್ತಿದ್ದೆ. ಡಾಕ್ಟರಬಾಯಿ ಹಾಳೆಯಲ್ಲಿ ಶೇಂಗಾ ಮತ್ತು ಎಣ್ಣೆಯ ಸಾಲುಗಳ ಕೆಳಗೆ ಗೆರೆ ಎಳೆದು ತೋರಿಸಿದರು. ತಿಂಗಳಿಡೀ ಉಪವಾಸ ಬಿದ್ದಿದ್ದೇನೆ ಎಂದು ಮನೆಮಂದಿಯ ಮೇಲೆಲ್ಲ ಹರಿಹಾಯ್ದಿದ್ದೆ. ಬಸ್ಸಿನಲ್ಲಿ ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೇ ನಕ್ಕರು.

ಅವತ್ತಿನಿಂದ ಹಿಂಡಿಗೂ ಎಣ್ಣೆಗೂ ಚಮಚೆ ಬಂತು, ತೂಕ ಇಳಿಯತೊಡಗಿತು. ಶ್ರಾವಣದ ಹೊತ್ತಿಗೆ ಮುಟ್ಟು ಸರಿಯಾಗಿ ಬರತೊಡಗಿತ್ತು. ಪಂಚಮಿ ಮುಗಿಸಿಕೊಂಡು ಬಂದರೆ ಔಷಧಿ ಶುರು ಮಾಡುತ್ತೇನೆ, ಅಲ್ಲಿಯವರೆಗೆ ತೂಕ ಏರಕೂಡದು ಎಂದು ಡಾಕ್ಟರಬಾಯಿ ಹೇಳಿದ್ದರು.

ಪಂಚಮಿಗೆ ಅಣ್ಣ ಕರೆಯಲು ಬಂದ. ಮದುವೆಯಾದ ಹೆಣ್ಣುಮಗಳು ಪಂಚಮಿಗೆ ತವರಿಗೆ ಹೋಗದೆ ಇರುವುದುಂಟೆ? ದಾರಿಯುದ್ದಕ್ಕೂ ಅಣ್ಣ ನನ್ನನ್ನು ಕದ್ದು ಕದ್ದು ನೋಡಿದ. ಆಳಂದದ ಮನೆಯ ಹೊಸ್ತಿಲು ದಾಟುತ್ತಲೇ ಅವ್ವ ನನ್ನ ಕೈ ಹಿಡಿದೆತ್ತಿದಳು. ಬಳೆಗಳು ಜಾರಿ ಮೊಣಕೈಗೆ ಬಂದವು.

"ಏನ್ ಮಾಡ್ಯಾರ ಬೇ ನಿನಗ?"

"ಏನಿಲ್ಲವ್ವ. ನಾನೇ ಕಡಿಮಿ ಉಣ್ಣಾಕತ್ತೇನಿ."

"ತಾನಾಗೇ ಕಡಿಮಿ ಉಣ್ಣೂ ಹುಡುಗಿ ಏನ್ ನೀ?"

ನನ್ನ ಬಾಯಿಚಪಲ ಹೆತ್ತವಳಿಗೆ ಗೊತ್ತಿರದ್ದೇ?

ಆಮೇಲೆ ಶುರುವಾಯಿತು ಉಂಡಿಗಳ ದಾಳಿ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ. ಅವ್ವ ಎದುರಿಗೇ ಕೂತು ತಿನ್ನಿಸುತ್ತಿದ್ದಳು. ನಾನು ದವಡೆಯಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋಗಿ ದನದ ಮುಂದೆ ಉಗುಳಿ ಬರುತ್ತಿದ್ದೆ. ಅವ್ವ ಕೈಯಾರೆ ಕಟ್ಟಿದ ಉಂಡಿ ಉಗುಳುವಾಗ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತಿತ್ತು. ಗೆಳತಿಯರು ಜೋಕಾಲಿ ಮೇಲೆ ಕೂರಿಸಿ ಜೀಕಿದರೂ ಮನಸ್ಸು ಹಾಳೆಯ ಲೆಕ್ಕದಲ್ಲೇ ಇತ್ತು.

ಹಬ್ಬ ಮುಗಿಯಿತು, ನನ್ನನ್ನು ಕಳಿಸುವ ಮಾತಿಲ್ಲ. ಅಪ್ಪ ತೀರಿದ ಮೇಲೆ ನಮ್ಮ ಮನೆಗೆ ಹಿರಿಯರು ಕಾಕಾ. ಅವರು, "ಬೀಗರು ಬಂದು ಜವಾಬ್ ಹೇಳಲಿ, ಆಮ್ಯಾಲ ನೋಡೂಣು" ಎಂದು ಅಫಜಲಪುರಕ್ಕೆ ಹೇಳಿಕಳಿಸಿದರು. ಡಾಕ್ಟರಬಾಯಿ ಹೇಳಿದ ದಿನ ಹತ್ತಿರ ಬರುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಊಟವನ್ನು ಹೇಗೋ ಕಲಿತಿದ್ದೆ. ಮಾತನ್ನು ಮಾತ್ರ ಇನ್ನೂ ಕಲಿತಿರಲಿಲ್ಲ. ನಾನು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ಅಲೆದೆ.

ಅತ್ತೆ ಒಬ್ಬರೇ ಬಂದರು. ಪಡಸಾಲೆಯಲ್ಲಿ ಕಾಕಾ ಮತ್ತು ಅಣ್ಣ ಕೂತಿದ್ದರು, ಅವ್ವ ಮತ್ತು ನಾನು ಬಾಗಿಲ ಮರೆಯಲ್ಲಿ. ಅತ್ತೆಗೆ ನೀರು ಕೊಟ್ಟರು, ಚಹಾ ಕೊಡಲಿಲ್ಲ. ಬೀಗರಿಗೆ ಅದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿಲ್ಲ.

"ಬೀಗತೇರ, ನಮ್ಮ ಹುಡುಗಿಗಿ ಹೊಟ್ಟಿ ತುಂಬ ಹಾಕ್ತೀರೋ ಇಲ್ಲೋ?" ಎಂದರು ಕಾಕಾ. "ನಿಮ್ಮ ಮನ್ಯಾಗ ಆಕಿಗಿ ರೊಟ್ಟಿ ತೂಗಿ ಕೊಡ್ತಾರಂತ ಮಣ್ಣೂರ ಮಂದಿ ಮಾತಾಡಾಕತ್ತಾರ."

"ಹೌದ್ರಿ" ಎಂದರು ಅತ್ತೆ. "ತಕ್ಕಡಿ ಹಿಡದು ನಾನೇ ಅಳದು ಹಾಕ್ತೇನಿ."

"ಯಾಕ?"

ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನಮ್ಮ ಮನಿ ಪದ್ಧತಿ ಹಂಗ ಅದರಿ" ಎಂದರು.

ಅಣ್ಣ ಎದ್ದು ನಿಂತ. ನನಗೆ ಇನ್ನು ತಡೆಯಲಾಗಲಿಲ್ಲ. ಗಂಡಸರ ಎದುರು ಎನ್ನುವುದನ್ನೂ ಮರೆತು ಪಡಸಾಲೆಗೆ ಬಂದೆ.

"ಅತ್ತಿ ಸುಳ್ಳ ಹೇಳಾಕತ್ತಾರ. ಅಳದು ಹಾಕ್ರಿ ಅಂದಾಕಿ ನಾನು. ನನಗ ಮಕ್ಕಳಾಗವಲ್ವು ಕಾಕಾ. ತೂಕ ಇಳಸು ಅಂತ ಡಾಕ್ಟರಬಾಯಿ ಹೇಳ್ಯಾಳ."

ಕಾಕಾ ಗೋಡೆಯ ಕಡೆ ನೋಡಿದರು. ಅಣ್ಣ ಕೂತುಬಿಟ್ಟ. ಅವ್ವ ಒಳಗೆ ಹೋಗಿ ಸ್ಟೋವ್ ಹಚ್ಚಿದಳು. ಚಹಾ ತಂದು ಅತ್ತೆಯ ಕೈಗೆ ಕೊಟ್ಟು, ಅವರ ಪಕ್ಕದಲ್ಲೇ ಕೂತಳು. "ನನಗೊಂದು ಮಾತು ಹೇಳಬಾರದಾಗಿತ್ತೇನ್ರಿ ಈಕಿ" ಎಂದು ಅತ್ತೆಯನ್ನೇ ಕೇಳಿದಳು. ಅವತ್ತೇ ನಮ್ಮನ್ನು ಕಳಿಸಿಕೊಟ್ಟರು.

ಮುಂದೆ ಔಷಧಿ ನಡೆಯಿತು, ತಡವಾಗಿಯಾದರೂ ಮಗಳು ಹುಟ್ಟಿದಳು. ಆದರೆ ನನ್ನ ಮನಸ್ಸು ಇವತ್ತಿಗೂ ಓಡುವುದು ಆ ದಿನದ ಬಸ್ಸಿಗೆ. ನಾನು ಸುಮ್ಮನಿರಲಾಗದೆ ಕೇಳಿದ್ದೆ, "ಪದ್ಧತಿ ಅಂತ ಯಾಕಂದ್ರಿ ಅತ್ತಿ? ನಿಮ್ಮ ಹೆಸರ ಕೆಡತಿತ್ತಲ್ಲ."

ಅತ್ತೆ ಟಿಕೀಟನ್ನು ಮಡಚಿ ಕುಪ್ಪಸದೊಳಗೆ ಸೇರಿಸಿಕೊಂಡರು.

"ಬಂಜಿ ಅಂದ್ರ ನಿನಗ ಸಾಯೂತನಕ ಅಂತಾರ" ಎಂದರು. "ಅತ್ತಿ ಕೆಟ್ಟಾಕಿ ಅಂದ್ರ ಅದೇನ್ ಹೊಸಾ ಮಾತೇನ್ ಬೇ? ಎಲ್ಲಾ ಅತ್ತೇರಿಗೂ ಅಂತಾರ."