ಡ್ರ್ಯಾಗನ್ನಿಗೆ ಈಟಿ ಚುಚ್ಚದ ಚೌಡಣ್ಣ

ಹರಪನಹಳ್ಳಿಯಲ್ಲಿ ಲಾರಿಗಳ ಹಿಂದೆ, ಅಂಗಡಿಗಳ ಮುಂದೆ ಅಕ್ಷರ ಬರೆದು ಬದುಕಿದ್ದ ಚೌಡಣ್ಣನನ್ನು ಫ್ಲೆಕ್ಸ್ ಬೋರ್ಡುಗಳು ಬಂದು ಮನೆಗೆ ಕಳಿಸಿದವು. ಆಮೇಲೆ ಅವನಿಗೆ ಉಳಿದದ್ದು ಶಾಲೆಗಳ ಗೋಡೆ. ನಾನು ಇಂಗ್ಲಿಷ್ ಮೇಷ್ಟ್ರು. ಪಾಠದ ಚಿತ್ರ ಬರೆಸಲು ಅವನನ್ನು ನಮ್ಮ ಶಾಲೆಗೆ ಕರೆಸಿದವನು ನಾನೇ, ತಪ್ಪೂ ನನ್ನದೇ.

ಪಾಠದಲ್ಲಿ ಕುದುರೆ ಸವಾರನೊಬ್ಬ ಡ್ರ್ಯಾಗನ್ನಿನ ಕುತ್ತಿಗೆಗೆ ಈಟಿ ಚುಚ್ಚುತ್ತಾನೆ. ಚೌಡಣ್ಣ ಮೂರು ದಿನ ಕೂತು ಆ ಪ್ರಾಣಿಯನ್ನು ಬರೆದ. ರೆಕ್ಕೆ, ಉಗುರು, ಬಾಯಲ್ಲಿ ಬೆಂಕಿ ಎಲ್ಲ ಪುಸ್ತಕದ್ದೇ. ಹೆಡೆ ಮಾತ್ರ ನಮ್ಮೂರ ನಾಗರಕಟ್ಟೆಯ ನಾಗಪ್ಪನದು. ಈಟಿ ಬರೆಯುವ ಹೊತ್ತಿಗೆ ಬ್ರಷ್ ಕೆಳಗಿಟ್ಟ.

“ಇದನ್ನ ಯಾಕ ಕೊಲ್ತಾರ್ರಿ ಸರ?”

“ಇಂಗ್ಲಿಷರ ಕಡೆಯವರಿಗೆ ಅದು ಪಾಪದ ಗುರುತು. ಬಂಗಾರ ಕಾಯ್ಕೊಂಡು ಕೂತು ಊರು ಸುಡ್ತೈತಿ. ಚೀನಾದವರದು ಬ್ಯಾರೆ, ಅವರ ಡ್ರ್ಯಾಗನ್ ಮಳಿ ತರೋ ದೇವ್ರು.”

“ನಿಧಿ ಕಾಯೋದು, ಮಳಿ ತರೋದು, ಎರಡೂ ನಮ್ಮ ನಾಗಪ್ಪಂದ ಅಲ್ಲೇನ್ರಿ? ಮನ್ಯಾಗ ಸಂಗೀತಾ ತುಂಬಿದ ಬಸುರಿ ಅದಾಳ. ನನ್ನ ಕೈಲಿ ಆಗಂಗಿಲ್ರಿ.”

ಸಂಗೀತಾ ಅವನ ಒಬ್ಬಳೇ ಮಗಳು, ಹೆರಿಗೆಗೆ ತವರಿಗೆ ಬಂದಿದ್ದಳು. ಅವಳಿಗಿಂತ ಮೊದಲು ಒಂದು ಗಂಡು ಕೂಸು ಹುಟ್ಟಿದ ದಿನವೇ ತೀರಿಹೋಗಿತ್ತು. ಹೆಂಡತಿ ಬಸುರಿಯಾಗಿದ್ದಾಗ ಚೌಡಣ್ಣ ಬಚ್ಚಲಲ್ಲಿ ಸಿಕ್ಕ ನಾಗರಹಾವನ್ನು ಸಲಿಕೆಯಿಂದ ಹೊಡೆದಿದ್ದನಂತೆ. ಬಸುರಿ ಇರುವ ಮನೆಯವರು ಹಾವು ಕೊಲ್ಲಬಾರದೆಂಬುದು ನಮ್ಮ ಕಡೆಯ ಕಟ್ಟಳೆ. ದೋಷ ಕಳೆಯಲೆಂದು ಅವನು ಸತ್ತ ಹಾವಿನ ಬಾಯಿಗೆ ತಾಮ್ರದ ಕಾಸಿಟ್ಟು, ತುಪ್ಪ ಸುರಿದು, ಮನುಷ್ಯರನ್ನು ಸುಟ್ಟಂತೆ ಸುಟ್ಟು ಬಂದಿದ್ದ. ಆದರೂ ಕೂಸು ಉಳಿಯಲಿಲ್ಲ.

“ಬಣ್ಣದ ಹಾವಿಗೆ ಎಲ್ಲೀ ಜೀವ ಮಾರಾಯ! ತಲಿ ಕೆಟ್ಟೈತೇನು?” ಎಂದು ನಕ್ಕೆ.

ಅವನು ನಗಲಿಲ್ಲ. “ಕಣ್ಣು ಬರ್ದೀನ್ರಿ ಸರ. ಅದು ನೋಡಾಕ ಹತ್ತೈತಿ,” ಎಂದು ಮನೆಗೆ ಹೋದ.

ಮರುದಿನ ವಾರ್ಷಿಕೋತ್ಸವ. ನನಗೆ ಸಿಟ್ಟು ನೆತ್ತಿಗೇರಿತು. ನಾನೇ ಬ್ರಷ್ ಹಿಡಿದು ಈಟಿ ಎಳೆದೆ, ಕುತ್ತಿಗೆಯಿಂದ ಕೆಂಪು ಬಣ್ಣವನ್ನೂ ಇಳಿಸಿದೆ. ಏನೋ ಕಡಿದು ಕಟ್ಟೆ ಹಾಕಿದವನಂತೆ ಬೀಗಿದೆ.

ಬೆಳಿಗ್ಗೆ ಚೌಡಣ್ಣ ಬಂದು ಗೋಡೆ ನೋಡಿದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಪೇಟೆಗೆ ಹೋಗಿ ತುಪ್ಪ, ಕರ್ಪೂರ ತಂದ. ಗೋಡೆಯ ಬುಡದಲ್ಲಿ ಕಾಸಿಟ್ಟು, ತುಪ್ಪ ಸುರಿದು, ಕರ್ಪೂರ ಹಚ್ಚಿದ. ಆಮೇಲೆ ನಲ್ಲಿಯ ಕೆಳಗೆ ಕೂತು ಬಟ್ಟೆ ಸಮೇತ ತಲೆಗೆ ನೀರು ಹಾಕಿಕೊಂಡ. ಮಕ್ಕಳು ಸುತ್ತ ನೆರೆದು ನೋಡುತ್ತಿದ್ದರು.

“ಈಟಿ ಚುಚ್ಚಿದವ ನಾನು. ನಿನಗ್ಯಾಕ ಈ ಉಸಾಬರಿ?” ಎಂದೆ.

“ನಾ ಬರೀದಿದ್ರ ನೀವು ಏನನ್ನ ಕೊಲ್ತಿದ್ರಿ ಸರ? ಪಾಪ ನಂದ.”

ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಸಂಗೀತಾಳಿಗೆ ಏನೂ ಆಗದಿರಲಪ್ಪಾ ಎಂದು, ದೇವರನ್ನು ನಂಬದ ನಾನು, ಕಂಡ ದೇವರಿಗೆಲ್ಲ ಕೈ ಮುಗಿದೆ. ಒಂಬತ್ತನೆಯ ದಿನ ಹೆರಿಗೆಯಾಯಿತು. ಹೆಣ್ಣು ಕೂಸು, ಗಟ್ಟಿಯಾಗಿ ಅಳುತ್ತಿದೆಯೆಂದು ಸುದ್ದಿ ಬಂತು. ಆಸ್ಪತ್ರೆಗೆ ಓಡಿದೆ.

ಚೌಡಣ್ಣ ಬಾಗಿಲ ಹೊರಗೇ ನಿಂತಿದ್ದ, ಕೈ ಬೆನ್ನ ಹಿಂದೆ.

“ಎತ್ತಿಕೋ ಬಾ ಅಪ್ಪಾ,” ಎಂದು ಸಂಗೀತಾ ಒಳಗಿನಿಂದ ಕರೆದಳು.

“ಈ ಕೈ ಬ್ಯಾಡವ್ವ.”

ಗೋಡೆಯ ಸುದ್ದಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. “ಅಪ್ಪಂದು ಇದ್ದದ್ದ. ನೀವಾರ ಎತ್ತಿಕೊಳ್ರಿ ಸರ,” ಎಂದಳು. ನಾನು ಬೇಡವೆನ್ನುವಷ್ಟರಲ್ಲಿ ಕೂಸು ನನ್ನ ಕೈಯಲ್ಲಿತ್ತು.

“ಬ್ಯಾಡ್ರಿ ಸರ!” ಎಂದು ಚೀರಿ ಚೌಡಣ್ಣ ಒಳಗೆ ನುಗ್ಗಿದ. ಕೂಸನ್ನು ನನ್ನಿಂದ ಕಿತ್ತು ಎದೆಗೆ ಅವುಚಿಕೊಂಡ. ತಾನೂ ಮುಟ್ಟಿಬಿಟ್ಟೆನೆಂದು ತಿಳಿದದ್ದು ಆಮೇಲೆ. ಕೆಳಗಿಡಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ನಿಂತ. ಆ ಮುಖ ನೋಡಲಾರದೆ ನಾನು ಹೊರಗೆ ಬಂದೆ.