ಕೇಕಿಗೊಂದು ಚಿಮಟ

ಶಿರಾಳಕೊಪ್ಪದಲ್ಲಿ ಕೇಕಿನ ಸಾಮಾನು ಮಾರುತ್ತಿದ್ದ ಆ ಅಕ್ಕನ ಬಾಯಲ್ಲಿ ಸದಾ ಒಂದೇ ಮಾತು: "ಹೂವಿಗೆ ಅವಸ್ರ ಇಲ್ರಿ."

ಮದುವೆ ಕೇಕ್ ಮಾಡಲು ಹೊಸದಾಗಿ ಹೊರಟಿದ್ದ ನಾನು, ಕ್ರೀಮಿನಲ್ಲಿ ಗುಲಾಬಿ ಬಿಡಿಸುವ ನಾಜಲ್‌ಗಳ ದೊಡ್ಡ ಡಬ್ಬಿಗೇ ಕೈ ಹಾಕಿದ್ದೆ. ಅವರು ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಕೇಕ್ ಇಟ್ಟು ತಿರುಗಿಸುವ ತಟ್ಟೆಯೊಂದನ್ನು ತೆಗೆದು, ತಾವು ಕುಡಿಯುತ್ತಿದ್ದ ಚಹಾದ ಲೋಟವನ್ನೇ ಅದರ ಮೇಲಿಟ್ಟು ತಿರುಗಿಸಿದರು. ಚಹಾ ಚೆಲ್ಲಿತು. ಇನ್ನೊಂದು ತಟ್ಟೆಯಲ್ಲಿ ಚೆಲ್ಲಲಿಲ್ಲ.

"ಇದನ್ನ ಒಯ್ರಿ" ಎನ್ನುತ್ತ ಸೆರಗಿನಿಂದ ಮೇಜು ಒರೆಸಿದರು. ಜೊತೆಗೆ ಕ್ರೀಮು ಸವರುವ ಉದ್ದನೆಯ ಚಾಕು, ಎರಡೇ ನಾಜಲ್, ಒಂದು ಸಣ್ಣ ಚಿಮಟ ಕೊಟ್ಟರು.

"ಚಿಮಟ ಯಾಕಕ್ಕಾ?"

"ಇರ್ಲಿ ತಗೋರಿ. ನಮ್ ಕಡೆ ಮದುವಿಗೆ ಬೇಕಾಗ್ತದೆ."

ನನ್ನ ಮೊದಲ ಕೇಕ್ ಸೊರಬದ ಮದುವೆಯೊಂದಕ್ಕೆ, ಮೂರಂತಸ್ತಿನದು. ಅಕ್ಕನೂ ಹೆಣ್ಣಿನ ಕಡೆಯ ನೆಂಟರಾಗಿ ಬಂದಿದ್ದರು. ಧಾರೆ ಮುಗಿದದ್ದೇ ಮದುಮಕ್ಕಳು ಕೇಕಿನ ಮುಂದೆ ನಿಂತು ಚಾಕು ಹಿಡಿದರು. ಜನರ ಮುಷ್ಟಿಯಲ್ಲಿ ಇನ್ನೂ ಅಕ್ಷತೆ ಉಳಿದಿತ್ತು. ಯಾರೋ ಒಬ್ಬರು ಎಸೆದರು, ಆಮೇಲೆ ಎಲ್ಲರೂ ಎಸೆದರು. ನನ್ನ ಬಿಳಿ ಕ್ರೀಮಿನ ತುಂಬ ಅರಿಶಿನದ ಅಕ್ಕಿ.

ಮದುಮಕ್ಕಳು ಚಾಕು ಹಿಡಿದೇ ಕಾಯುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಚಿಮಟದಿಂದ ಒಂದೊಂದೇ ಕಾಳು ಹೆಕ್ಕುತ್ತಿದ್ದಾಗ ಅಕ್ಕ ಪಕ್ಕಕ್ಕೆ ಬಂದರು.

"ಮೊದಲು ಎಸೆದವರು ಯಾರಕ್ಕಾ?"

ಅವರು ಅಂಗೈಗೆ ಅಂಟಿದ್ದ ಅರಿಶಿನವನ್ನು ಸೆರಗಿಗೆ ಒರೆಸಿಕೊಂಡರು.

"ನಾನೇ ರೀ. ಹಾಕ್ದೇ ಇರಕ್ಕಾಗ್ತದಾ? ಅದಕ್ಕೇ ಚಿಮಟ ಕೊಟ್ಟಿದ್ದು."