ಗಾಡಿ ಮೇಲಿನ ಬಿಸಿನೀರು

ಕುಬಟೂರಿನಲ್ಲಿ ಸೊರಬದ ಬಸ್ಸು ತಪ್ಪಿತು. ಸಂಜೆಯದಕ್ಕೆ ಕಾಯುತ್ತ ಹಳೆಯ ಕಲ್ಲುಗುಡಿಯ ಅಂಗಳದಲ್ಲಿ ಕುಳಿತೆ.

ಗುಡಿಯ ಅರ್ಚಕರಿಗೆ ದಮ್ಮು. ತಣ್ಣೀರು ಆಗದು, ಒಲೆಯ ಹೊಗೆಯೂ ಆಗದು. ಆದರೆ ಸಂಜೆಪೂಜೆಗೆ ಮೀಯಲೇಬೇಕು. ಅದಕ್ಕೇ ಅವರ ಹೆಂಡತಿ ಶಾರದಮ್ಮ ಶಿಕಾರಿಪುರದ ತಗಡು ಕೆಲಸದ ಸಾಬರಿಂದ ನೀರು ಕಾಸಲು ಗಾಜಿನ ಮುಚ್ಚಳದ ಕರಿ ಪೆಟ್ಟಿಗೆಯೊಂದನ್ನು ಮಾಡಿಸಿದ್ದರು. ಒಂಥರಾ ಸೋಲಾರ್ ಹೀಟರ್! ಅವರ ಮನೆಗೆ ದಿನವಿಡೀ ಮರದ ನೆರಳು, ಬಿಸಿಲಿರುವುದು ಗುಡಿಯಲ್ಲೇ.

"ಸರ್ಕಾರದ ಗುಡಿ ಕಣ್ರಮ್ಮಾ. ಮಾಡಿನ ಮೇಲೆ ಇಡಂಗಿಲ್ಲ, ಅಂಗಳದಾಗೂ ಏನೂ ಕಟ್ಟಂಗಿಲ್ಲ" ಎಂದು ಪೆಟ್ಟಿಗೆ ತಂದ ಅವರನ್ನು ತಡೆದ ಕಾವಲುಗಾರ.

"ಗಾಡಿ ನಿಲ್ಲಿಸ್ಬೋದಲ್ಲ?"

"ಅವು ದಿನಾ ನಿಲ್ತಾವಲ್ರೀ."

ಶಾರದಮ್ಮ ಪೆಟ್ಟಿಗೆಯನ್ನು ತಮ್ಮ ಎತ್ತಿನಗಾಡಿಗೆ ಏರಿಸಿ, ನೀರು ತುಂಬಿ, ಗಾಡಿಯ ಮೂಕಿಮರ ಹಿಡಿದು ಬಿಸಿಲಿಗೆ ತಿರುಗಿಸಿಯೇಬಿಟ್ಟರು. ಚಕ್ರಕ್ಕೆ ಕಲ್ಲು ಕೊಟ್ಟವನು ಕಾವಲುಗಾರನೇ. ನಾನು ಓದಿದ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಚಳಿಗಾಲದಲ್ಲೂ ತಣ್ಣೀರ ಸ್ನಾನವೇ. ಡಿಸಿಪ್ಲಿನ್ ಎನ್ನುತ್ತಿದ್ದರು ಸಿಸ್ಟರ್‌ಗಳು. ಇಂಥದೊಂದು ಗಾಡಿ ನಮಗ್ಯಾರಿಗೂ ಹೊಳೆಯಲಿಲ್ಲ.

ಇಳಿಹೊತ್ತಿಗೆ ಬಂದ ಅರ್ಚಕರು ಮುಖ ಸಿಂಡರಿಸಿದರು. "ಗಾಡಿ ಮೇಲಿನ ನೀರು ಮಡಿಗಾಗುತ್ತೇನೇ?"

"ಸೂರ್ಯದೇವ್ರೇ ಕಾಸಿದ್ದು ಕಣ್ರೀ. ಸುಮ್ನೆ ಬೆನ್ನು ಬಗ್ಸಿ."

ತಂಬಿಗೆ ಬಗ್ಗಿತು. ಅಷ್ಟರಲ್ಲಿ ನನ್ನ ಬಸ್ಸಿನ ಹಾರ್ನ್ ಕೇಳಿಸಿತು. ಎದ್ದು ಹೊರಟವಳ ಬೆನ್ನ ಹಿಂದೆ ಅರ್ಚಕರು ಕೆಮ್ಮದೆ ಹೇಳಿದರು:

"ಇನ್ನೊಂದು ತಂಬಿಗೆ ಹಾಕೇ."